ಹದಿನೇಳನೇ ನಂಬರಿನ ಬಾವಲಿ

ಆ ಸಂಶೋಧನಾ ಸಂಸ್ಥೆಯ ಹಿಂಬದಿಯ ಕಟ್ಟಡದಲ್ಲಿ, ಕಿರಿದಾದ ಓಣಿಯ ಎರಡು ಬದಿಗೆ ಎದುರುಬದುರಾಗಿ ಎರಡು ಕೋಣೆಗಳಿದ್ದವು. ಎಡಗಡೆಯದು ಹಕ್ಕಿಗಳದು, ಬಲಗಡೆಯದು ಬಾವಲಿಗಳದು. ಎರಡರ ಬೀಗದ ಕೈಯೂ ಒಬ್ಬಳ ಸೊಂಟದಲ್ಲೇ ಇರುತ್ತಿತ್ತು. ಡೈರೆಕ್ಟರಿಂದ ಹಿಡಿದು ಗೇಟಿನ ಕಾವಲಿನವನವರೆಗೆ ಎಲ್ಲರ ಬಾಯಲ್ಲೂ ಅವಳು ಪಂಜರದಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಹಕ್ಕಿ ಕೋಣೆಯ ಬಾಗಿಲು ತೆಗೆದರೆ ಶಾಲೆ ಬಿಟ್ಟ ಹೊತ್ತಿನ ಗದ್ದಲ. ಅಲ್ಲಿದ್ದವು ಫಿಂಚ್ ಎಂಬ ಪುಟ್ಟ ಹಕ್ಕಿಗಳು. ಗುಬ್ಬಿಗಿಂತ ಚಿಕ್ಕವು, ಟೊಮೆಟೊ ಕೆಂಪಿನ ಕೊಕ್ಕು, ಎದೆಯ ಮೇಲೆ ಯಾರೋ ಸ್ಕೇಲ್ ಇಟ್ಟು ಎಳೆದಂಥ ಸಣ್ಣ ಗೆರೆಗಳು. ದಿನವಿಡೀ ರಬ್ಬರ್ ಗೊಂಬೆ ಹಿಚುಕಿದ ಹಾಗೆ ಪೀಂ ಪೀಂ ಅನ್ನುತ್ತ, ಕಾಳಿನ ಸಿಪ್ಪೆಯನ್ನು ನೆಲದ ತುಂಬ ಚೆಲ್ಲುತ್ತ, ಜಗಳವಾಡುತ್ತ, ಮತ್ತೆ ರಾಜಿಯಾಗುತ್ತ ಇರುತ್ತಿದ್ದವು. ಬಾವಲಿ ಕೋಣೆಯದು ಬೇರೆಯೇ ಲೋಕ. ಮರಕ್ಕೆ ಜೋತುಬಿದ್ದು ಹಣ್ಣು ತಿನ್ನುವ ದೊಡ್ಡ ಜಾತಿಯಲ್ಲ ಅವು. ಹುಳ ತಿಂದು ಬದುಕುವ, ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳಬಹುದಾದ ಸಣ್ಣ ಜಾತಿ. ಆ ಕೋಣೆಯಲ್ಲಿ ಹಗಲನ್ನೇ ರಾತ್ರಿ ಮಾಡಿದ್ದರು. ಜನ ಕೆಲಸಕ್ಕೆ ಬರುವ ಹೊತ್ತಿಗೆ ದೀಪ ಆರಿ ಮಂದ ಕೆಂಪು ಬಲ್ಬೊಂದು ಉಳಿಯುತ್ತಿತ್ತು, ಬಾವಲಿಗಳು ಎದ್ದು ಹಾರಾಡುತ್ತಿದ್ದವು. ಪಂಜರದಕ್ಕ ಆ ಕೆಂಪು ಕತ್ತಲಲ್ಲಿ ಬಟ್ಟಲಿಗೆ ಹಿಟ್ಟಿನ ಹುಳ ತುಂಬಿಸುವಾಗ ರೆಕ್ಕೆಯ ಗಾಳಿ ಕೆನ್ನೆಗೆ ಸೋಕುತ್ತಿತ್ತೇ ಹೊರತು ಸದ್ದು ಕೇಳುತ್ತಿರಲಿಲ್ಲ.

ಈ ಎರಡು ಕೋಣೆಗಳ ಒಡತಿ ಪ್ರೊಫೆಸರ್ ಮೇಡಂ. ಕತ್ತರಿಸಿದ ನರೆಗೂದಲು, ನಡೆದರೆ ಓಡಿದಂತೆ ನಡಿಗೆ. ಪಂಜರದಕ್ಕ ಕೆಲಸಕ್ಕೆ ಸೇರಿದ ದಿನವೇ ಮೇಡಂ ಅವಳನ್ನು ತಕ್ಕಡಿಯ ಮುಂದೆ ನಿಲ್ಲಿಸಿ, ಒಂದು ಫಿಂಚನ್ನೂ ಒಂದು ಬಾವಲಿಯನ್ನೂ ಬಟ್ಟೆಚೀಲದಲ್ಲಿಟ್ಟು ತೂಗಿ ತೋರಿಸಿದ್ದರು.

"ನೋಡಿ, ಇದೂ ಹನ್ನೆರಡು ಗ್ರಾಂ, ಅದೂ ಹನ್ನೆರಡು ಗ್ರಾಂ. ಇದೂ ಹಾರುತ್ತೆ, ಅದೂ ಹಾರುತ್ತೆ. ಆದ್ರೆ ಹಕ್ಕಿ ಐದಾರು ವರ್ಷಕ್ಕೇ ಮುದುಕಿ. ಬಾವಲಿ ಇಪ್ಪತ್ತು ವರ್ಷ ಆದ್ರೂ ಗಟ್ಟಿಮುಟ್ಟು. ಯಾಕೆ? ನನ್ನ ಪ್ರಶ್ನೆ ಇಷ್ಟೇ."

ಮೇಡಂ ಈ ಪ್ರಶ್ನೆಯ ಬೆನ್ನು ಹತ್ತಿ ಮೂವತ್ತು ವರ್ಷವಾಗಿತ್ತು. ಪಂಜರದಕ್ಕ ಮಾತ್ರ ಹದಿಮೂರು ವರ್ಷದಲ್ಲಿ ತನ್ನದೇ ಉತ್ತರ ಕಂಡುಕೊಂಡಿದ್ದಳು. ಹೆಣ್ಣು ಫಿಂಚ್ ಒಂದೊಂದು ಸಲಕ್ಕೆ ಐದೈದು ಮೊಟ್ಟೆ ಇಡುತ್ತದೆ. ಮರಿಗಳು ಗೂಡು ಬಿಡುವಷ್ಟರಲ್ಲಿ ಮುಂದಿನ ಐದಕ್ಕೆ ತಯಾರಿ. ಅರ್ಧ ದಿನ ಕಾಳಿಲ್ಲದಿದ್ದರೆ ಜೀವ ಹೋದಂತೆ ಆಡುತ್ತದೆ. ಬಾವಲಿಗೆ ವರ್ಷಕ್ಕೊಂದೇ ಮರಿ. ಚಳಿಯಾದರೆ ಮೈಯನ್ನು ಕಲ್ಲಿನಂತೆ ತಣ್ಣಗೆ ಮಾಡಿಕೊಂಡು, ಉಸಿರೂ ಆಡುತ್ತಿದೆಯೋ ಇಲ್ಲವೋ ಎಂಬಂತೆ ದಿನಗಟ್ಟಲೆ ಮಲಗಿಬಿಡುತ್ತದೆ. ಸಂಸಾರದ ತಾಪತ್ರಯ ಕಡಿಮೆ, ಅದಕ್ಕೇ ಆಯಸ್ಸು ಹೆಚ್ಚು ಎಂದು ಅವಳ ತೀರ್ಮಾನ. ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ವಿವರಿಸಿದ್ದಕ್ಕೆ ಅವರು, "ತಲೆಕೆಳಗಾಗಿ ಮಲಗಿದ್ರೆ ನಾನೂ ನೂರು ವರ್ಷ ಇರ್ತೀನಿ ಬಿಡೇ. ಸೊಂಟದ ಮೇಲೆ ಭಾರವೇ ಬೀಳಲ್ವಲ್ಲ," ಎಂದಿದ್ದರು.

ಪ್ರತಿ ಫಿಂಚಿನ ಕಾಲಿಗೂ ಬಣ್ಣದ ಒಂದು ಪ್ಲಾಸ್ಟಿಕ್ ಕಾಲುಂಗುರ. ಪ್ರತಿ ಬಾವಲಿಯ ಮುಂಗೈಗೂ ನಂಬರು ಕೊರೆದ ಅಲ್ಯೂಮಿನಿಯಂ ಬಳೆ. ದಿನಾ ಬೆಳಗ್ಗೆ ಒಂದೊಂದನ್ನೂ ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕಿ ಸಹಿ ಮಾಡುವುದು ಪಂಜರದಕ್ಕನ ಕೆಲಸ. ಆ ರಿಜಿಸ್ಟರುಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಒಂದು ದಿನದ ಸಹಿಯೂ ತಪ್ಪಿರಲಿಲ್ಲ.

ಆ ವರ್ಷ ಒಂದು ಸೋಮವಾರ ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಓಣಿಯ ತುದಿಯಿಂದಲೇ, "ಅಕ್ಕಾ, ಬನ್ನಿ, ಮೇಡಂ ಕರೀತಿದಾರೆ, ಟೀ ಪಾರ್ಟಿ!" ಎಂದು ಕೂಗುತ್ತ ಬಂದಳು. ದಪ್ಪ ಕನ್ನಡಕ, ಸದಾ ಜಾರುವ ಚಪ್ಪಲಿ. ನಾಲ್ಕು ವರ್ಷದಿಂದ ಇವಳು ಪಂಜರದಕ್ಕನ ಊಟದ ಡಬ್ಬಿಯಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದವಳು. ಪಂಜರದಕ್ಕ ಅವಳನ್ನು ಕನ್ನಡಕ ಎಂದೇ ಕರೆಯುತ್ತಿದ್ದಳು.

ಮೇಡಂ ಕೋಣೆಯ ಬಿಳಿ ಹಲಗೆಯ ಮೇಲೆ ಒಂದು ಓರೆ ಗೆರೆ, ಗೆರೆಯ ಆಚೀಚೆ ಒತ್ತೊತ್ತಾಗಿ ಚುಕ್ಕೆಗಳು. ಒಂದೇ ಒಂದು ಚುಕ್ಕೆ ಮಾತ್ರ ಗೆರೆಯಿಂದ ಬಹಳ ಕೆಳಗೆ, ಕೆಂಪು ಮಸಿಯಲ್ಲಿ. ಕನ್ನಡಕ ಅದರ ಮೇಲೆ ಬೆರಳಿಟ್ಟು ವಿವರಿಸಿದಳು. ಹೋದ ತಿಂಗಳು ಪ್ರತಿ ಪ್ರಾಣಿಯಿಂದ ಸಾಸಿವೆಯಷ್ಟು ಚರ್ಮ ತೆಗೆದು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದ್ದರಲ್ಲ, ಅಲ್ಲಿ ಚರ್ಮ ನೋಡಿ ವಯಸ್ಸು ಹೇಳುತ್ತಾರೆ. ಎಲ್ಲ ಬಾವಲಿಗಳದ್ದೂ ಹೆಚ್ಚುಕಡಿಮೆ ಸರಿಯಾಗಿಯೇ ಬಂದಿತ್ತು. ಹದಿನೇಳನೇ ನಂಬರಿನದು ಹಿಂಡಿನಲ್ಲೇ ಹಿರಿಯ, ಹಿಡಿದು ತಂದೇ ಇಪ್ಪತ್ತಮೂರು ವರ್ಷವಾಗಿದೆ. ಅದರ ಚರ್ಮ ಮಾತ್ರ ಹನ್ನೊಂದು ವರ್ಷ ಅನ್ನುತ್ತಿದೆ. ಎರಡನೇ ಸಲ ಕಳಿಸಿದರೂ ಹನ್ನೊಂದೇ.

"ಅಂದ್ರೆ ಗೊತ್ತಾಯ್ತಾ ಅಕ್ಕ? ಒಂದು ಹಂತ ದಾಟಿದ ಮೇಲೆ ಬಾವಲಿಗೆ ವಯಸ್ಸಾಗೋದೇ ನಿಂತುಹೋಗುತ್ತೆ! ಫಿಂಚ್ ಹಾಗಲ್ಲ, ಸಾಯೋವರೆಗೂ ಮುದಿಯಾಗ್ತಾನೇ ಹೋಗುತ್ತೆ. ಇಷ್ಟು ದಿನ ಯಾರಿಗೂ ಸಿಗದೆ ಇದ್ದಿದ್ದು ಇದೇ."

"ಮೊದಲು ನಾನೂ ನಂಬಲಿಲ್ಲ," ಎಂದರು ಮೇಡಂ. "ಬಳೆ ಅದಲುಬದಲಾಗಿರಬೇಕು ಅಂದ್ಕೊಂಡೆ. ಆಮೇಲೆ ಇವರ ರಿಜಿಸ್ಟರ್ ತೆಗೆದು ನೋಡಿದೆ. ಹದಿಮೂರು ವರ್ಷ, ದಿನಾ ಹದಿನೇಳರ ಮುಂದೆ ಗುರುತಿದೆ, ಸಹಿ ಇದೆ. ಇವರಿಗಿಂತ ಸಾಕ್ಷಿ ಬೇಕಾ?" ಹಾಗೆಂದು ತಾವೇ ಎದ್ದು ಟೀ ಲೋಟವನ್ನು ಅವಳ ಕೈಗೆ ಕೊಟ್ಟರು.

ಪಂಜರದಕ್ಕ ಲೋಟ ಹಿಡಿದುಕೊಂಡಳು. ಲೋಟದ ಬಿಸಿ ಕೈಗೆ ತಾಗಲಿಲ್ಲ. "ಒಳ್ಳೇದಾಯ್ತು ಮೇಡಂ," ಎಂದೇನೋ ಅಂದಳು. ಹುಳದ ಡಬ್ಬಿ ತೆರೆದಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಹೊರಗೆ ಬಂದಳು. ಬಾವಲಿ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಗುಚಿದ ಬಕೆಟ್ಟಿನ ಮೇಲೆ ಕೂತಳು.

ಹದಿನೇಳರ ಚರ್ಮ ಹನ್ನೊಂದು ವರ್ಷ ಅನ್ನುತ್ತಿದ್ದುದರಲ್ಲಿ ಸೋಜಿಗ ಏನೂ ಇರಲಿಲ್ಲ. ಅದಕ್ಕೆ ಹನ್ನೊಂದೇ ವರ್ಷ. ಈ ಮಾತು ಗೊತ್ತಿದ್ದವಳು ಅವಳೊಬ್ಬಳೇ.

ಅವಳು ಕೆಲಸಕ್ಕೆ ಸೇರಿ ಎರಡನೇ ವರ್ಷ. ಅವಳಿಗಿಂತ ಮೊದಲಿದ್ದವನನ್ನು ನೀರಿಡಲು ಮರೆತು ಮೂರು ಹಕ್ಕಿ ಸತ್ತದ್ದಕ್ಕೆ ಮನೆಗೆ ಕಳಿಸಿದ್ದರು. ಅವಳ ಕೆಲಸ ಖಾಯಂ ಆಗುವ ಕಾಗದ ಬರಲು ಇನ್ನು ಹದಿನೈದು ದಿನ ಇತ್ತು. ಒಂದು ಮಧ್ಯಾಹ್ನ ಪಂಜರ ತೊಳೆಯುತ್ತಿದ್ದಾಗ ಮಗಳ ಶಾಲೆಯಿಂದ ಫೋನ್ ಬಂತು, ನಿಮ್ಮ ಹುಡುಗಿ ಮೆಟ್ಟಿಲಿಂದ ಬಿದ್ದಿದ್ದಾಳೆ ಎಂದು. ಪಂಜರದ ಬಲೆಯ ಜಿಪ್ ಅರ್ಧಕ್ಕೇ ಬಿಟ್ಟು, ಕೋಣೆಯ ಬಾಗಿಲೂ ಹಾಕದೆ ಓಣಿಗೆ ಓಡಿಬಂದು ಮಾತಾಡಿದಳು. ಹುಡುಗಿಗೆ ಮೊಣಕಾಲು ತರಚಿತ್ತು ಅಷ್ಟೇ. ಫೋನಿಟ್ಟು ತಿರುಗುವಷ್ಟರಲ್ಲಿ ತಲೆಯ ಮೇಲೆ ಏನೋ ಸುಳಿಯಿತು, ಓಣಿಯ ಎಕ್ಸಾಸ್ಟ್ ಫ್ಯಾನಿನಲ್ಲಿ ಟಕ್ಕೆಂದು ಸದ್ದಾಯಿತು. ನೆಲದ ಮೇಲೆ ಹದಿನೇಳನೇ ನಂಬರು ಬಿದ್ದಿತ್ತು. ಕತ್ತು ಒಂದು ಕಡೆಗೆ ವಾಲಿತ್ತು.

ಅದೇ ವಾರ ಸ್ಟೋರ್ ರೂಮಿನ ಕ್ಯಾಲೆಂಡರಿನ ಹಿಂದೆ ಹೊರಗಿನದೊಂದು ಬಾವಲಿ ಬಂದು ಜೋತುಬಿದ್ದಿತ್ತು. ಅದೇ ಜಾತಿ, ಅದೂ ಗಂಡು. ಸಂಜೆ ಬಿಟ್ಟುಬಿಡೋಣ ಎಂದು ಬೆಳಗ್ಗೆ ತಾನೇ ಬಟ್ಟೆಚೀಲಕ್ಕೆ ಹಾಕಿಟ್ಟಿದ್ದಳು. ಆಮೇಲಿನದು ಐದು ನಿಮಿಷದ ಕೆಲಸ. ಸತ್ತದ್ದರ ಮುಂಗೈಯಿಂದ ಬಳೆ ಉಗುರಲ್ಲಿ ಬಿಡಿಸಿ, ಬದುಕಿದ್ದಕ್ಕೆ ತೊಡಿಸಿ, ಸಣ್ಣ ಇಕ್ಕಳದಿಂದ ಒತ್ತಿದಳು. ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದಾಗ ಬೆರಳ ಗಂಟುಗಳು ಇನ್ನೂ ಕೂಡಿಕೊಂಡಿರಲಿಲ್ಲ, ನಡುವೆ ಬೆಳಕಿನ ಎಳೆ ಕಾಣುತ್ತಿತ್ತು. ಅಂದರೆ ಆ ವರ್ಷವೇ ಹುಟ್ಟಿದ್ದು. ಸತ್ತದ್ದನ್ನು ಮಾತ್ರೆಯ ಖಾಲಿ ಡಬ್ಬಿಯಲ್ಲಿಟ್ಟು ಹಿಂದಿನ ಗೋಡೆಯ ನಲ್ಲಿಯ ಹತ್ತಿರ ಹೂತಳು. ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ ಗುರುತು ಹಾಕಿದಳು.

ಮೊದಲ ತಿಂಗಳು ಯಾರಾದರೂ ಬಾವಲಿ ಕೋಣೆಗೆ ಬಂದರೆ ಹದಿನೇಳರ ಪಂಜರಕ್ಕೆ ಅಡ್ಡ ನಿಲ್ಲುತ್ತಿದ್ದಳು. ಆಮೇಲೆ ಆ ಭಯ ಕಡಿಮೆಯಾಯಿತು. ಒಂದು ಬಾವಲಿಯ ಬದಲು ಇನ್ನೊಂದು, ಯಾರ ಮನೆ ಏನು ಮುಳುಗಿತು ಎಂದುಕೊಂಡಳು. ವರ್ಷಗಳು ಕಳೆದಂತೆ, ಹದಿನೇಳು ಎಂದರೆ ಇದೇ ಎಂದು ಅವಳಿಗೂ ಅಭ್ಯಾಸವಾಗಿ ಹೋಗಿತ್ತು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವತ್ತು ಸಂಜೆ ಅವನು ಯಾರದೋ ಕೋಟಿನ ಬಟ್ಟೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಿದ್ದ. ಅವಳು ಚೀಲವನ್ನೂ ಕೆಳಗಿಡದೆ ಹೊಸ್ತಿಲಲ್ಲೇ ನಿಂತು, ಹನ್ನೊಂದು ವರ್ಷ ಹೇಳದೆ ಇದ್ದದ್ದನ್ನೆಲ್ಲ ಹೇಳಿದಳು. ಒಳಗಿನಿಂದ ಅತ್ತೆ, "ಯಾರು ಸತ್ತಿದ್ದು?" ಎಂದು ಕೇಳಿದರು. "ಬಾವಲಿ ಕಣಮ್ಮಾ," ಎಂದು ಅವನು ಕೂಗಿ ಹೇಳಿದ. "ಅಯ್ಯೋ, ಅದಕ್ಕಾ," ಎಂದರು ಅವರು.

ಅವನು ಕತ್ತರಿ ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟ. "ನನಗೂ ಹೇಳಿಲ್ವಲ್ಲೇ ನೀನು."

"ಹೇಳಿದ್ರೆ ನೀವೇನ್ ಮಾಡ್ತಿದ್ರಿ?"

"ಏನೂ ಮಾಡ್ತಿರ್ಲಿಲ್ಲ. ಆದ್ರೂ." ಬಟ್ಟೆಯ ಮೇಲಿನ ಚಾಕ್ ಗೆರೆಗೆ ಬೆರಳಿಟ್ಟ. "ಅಳತೆ ತಪ್ಪಿದ್ದು ಗೊತ್ತಾದ್ರೆ ನಾನು ಕತ್ತರಿ ಹಾಕೋ ಮುಂಚೆ ಹೇಳ್ತೀನಿ. ಕತ್ತರಿಸಿ ಆದ್ಮೇಲೆ ಹೇಳಿ ಏನು ಉಪಯೋಗ? ಅವರು ಇನ್ನೂ ಕತ್ತರಿ ಹಾಕಿಲ್ಲ ತಾನೆ?"

"ಮುಂದಿನ ತಿಂಗಳು ದೊಡ್ಡ ಸಮ್ಮೇಳನ ಇದೆಯಂತೆ. ಅಲ್ಲಿ ಹೇಳ್ತಾರಂತೆ."

"ಹಾಗಾದ್ರೆ ನಾಳೆನೇ ಹೇಳು."

"ಕೆಲಸ ಹೋದ್ರೆ?"

"ಹೋಗ್ಬಹುದು," ಎಂದ ಅವನು. ಹೋಗೋಲ್ಲ ಬಿಡು ಎನ್ನುತ್ತಾನೆ ಎಂದುಕೊಂಡಿದ್ದವಳಿಗೆ ಆ ಮಾತು ಕೇಳಿ ಒಂದು ಥರ ಧೈರ್ಯವೇ ಬಂತು.

ಮರುದಿನ ಮೇಡಂ ಊರಲ್ಲಿರಲಿಲ್ಲ. ಕನ್ನಡಕ ಹಕ್ಕಿ ಕೋಣೆಯಲ್ಲಿ ಮರಿಗಳನ್ನು ತೂಗುತ್ತಿದ್ದಳು. ಮೊದಲು ತಿಳಿಯಬೇಕಾದವಳು ಇವಳೇ ಎಂದು ಪಂಜರದಕ್ಕನಿಗೆ ಅನಿಸಿತು, ಏಕೆಂದರೆ ಸಮ್ಮೇಳನಕ್ಕೆ ಬರೆದ ಪ್ರಬಂಧದಲ್ಲಿ ಮೊದಲ ಹೆಸರು ಇವಳದೇ. ಈ ಫಲಿತಾಂಶದ ಬಲದ ಮೇಲೆ ಇನ್ನೊಂದು ಸಂಸ್ಥೆಯವರು ಇವಳನ್ನು ಕೆಲಸಕ್ಕೆ ಕರೆಯುವವರಿದ್ದರು. ಮರಿಗಳನ್ನು ಗೂಡಿಗೆ ಸೇರಿಸುವವರೆಗೆ ಕಾದು, ಒಂದೂ ಮುಚ್ಚಿಡದೆ ಹೇಳಿದಳು.

ಕನ್ನಡಕ ತೂಕದ ಪುಸ್ತಕ ಮುಚ್ಚಿದಳು. "ಯಾರಿಗೆಲ್ಲ ಗೊತ್ತು ಇದು?"

"ನನ್ನ ಗಂಡನಿಗೆ. ಈಗ ನಿನಗೆ."

"ಹನ್ನೊಂದು ವರ್ಷ ಸುಮ್ನಿದ್ರಿ. ಇನ್ನೊಂದು ವರ್ಷ ಸುಮ್ನಿರಕ್ಕೆ ಆಗ್ತಿರ್ಲಿಲ್ವಾ ಅಕ್ಕ?" ಗದ್ದಲದ ಮೇಲೆ ಅವಳ ದನಿ ಚೀರಿದ ಹಾಗೆ ಕೇಳಿತು. ಹಕ್ಕಿಗಳೆಲ್ಲ ಒಂದು ಕ್ಷಣ ಗಪ್‌ಚಿಪ್ಪಾದವು. ಹುಡುಗಿ ತಾನಾಡಿದ ಮಾತು ತನ್ನ ಕಿವಿಗೇ ಬಿದ್ದವಳಂತೆ ಬಾಯಿ ಮುಚ್ಚಿಕೊಂಡಳು, ಕನ್ನಡಕ ತೆಗೆದು ಅಂಗಿಯ ಅಂಚಿಗೆ ಉಜ್ಜಿದಳು, ಉಜ್ಜುತ್ತಲೇ ಅತ್ತಳು. ಪಂಜರದಕ್ಕ ಹತ್ತಿರ ಹೋದಾಗ, "ಬೇಡ, ಈಗ ಬೇಡ," ಎಂದು ಕೈ ಅಡ್ಡ ಹಿಡಿದು ಹೊರಟುಹೋದಳು. ಮರುದಿನ ಡಬ್ಬಿಯ ಊಟಕ್ಕೆ ಬರಲಿಲ್ಲ.

ಗುರುವಾರ ಮೇಡಂ ಬಂದರು. ಪಂಜರದಕ್ಕ ಅವರ ಮೇಜಿನ ಮುಂದೆ ನಿಂತು, ಮನೆಯಲ್ಲಿ ಹತ್ತು ಸಲ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತು, "ಮೇಡಂ, ಹದಿನೇಳು ಹದಿನೇಳಲ್ಲ," ಎಂದಳು.

ಅವರು ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ ಎದ್ದು ಬಾಗಿಲು ಮುಚ್ಚಿದರು. ಪೂರ್ತಿ ಕೇಳುವವರೆಗೆ ನಡುವೆ ಬಾಯಿ ಹಾಕಲಿಲ್ಲ. ಕೇಳಿ ಮುಗಿದ ಮೇಲೂ ಬೈಯಲಿಲ್ಲ. ಯಾವ ತಿಂಗಳು, ಯಾವ ಪಂಜರ, ಬೆರಳ ಗಂಟು ಎಷ್ಟು ತೆರೆದಿತ್ತು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಕೊನೆಗೆ ಪೆನ್ನಿಟ್ಟು, "ಹೀಗೆ ಇನ್ನೆಷ್ಟಿವೆ?" ಎಂದರು.

"ಇನ್ನೊಂದೂ ಇಲ್ಲ ಮೇಡಂ."

"ಅದನ್ನ ನಾನು ಹೇಗೆ ನಂಬ್ಲಿ ಹೇಳಿ?"

ಕೆಲಸ ಹೋಗುತ್ತದೆ ಎನ್ನುವುದಕ್ಕೆ ಅವಳು ಸಿದ್ಧಳಾಗಿದ್ದಳು, ಈ ಮಾತಿಗೆ ಸಿದ್ಧಳಾಗಿರಲಿಲ್ಲ. ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ರಿಜಿಸ್ಟರುಗಳ ಒಂದೊಂದು ಸಹಿಯೂ ಈಗ ಸಂಶಯದ್ದೇ. ಉತ್ತರ ಕೊಡಲು ಅವಳ ಹತ್ತಿರ ಇದ್ದದ್ದು ಒಂದೇ. "ಹೂತ ಜಾಗ ತೋರಿಸ್ತೀನಿ," ಎಂದಳು.

ಹಿಂದಿನ ಗೋಡೆಯ ನಲ್ಲಿಯ ಹತ್ತಿರ ಈಗ ಸಿಮೆಂಟಿನ ಕಟ್ಟೆ ಬಂದಿತ್ತು. ಮೇಡಂ ಹೇಳಿಕಳಿಸಿದ್ದಕ್ಕೆ ಕನ್ನಡಕವೂ ಬಂದಳು, ಯಾರ ಮುಖವನ್ನೂ ನೋಡದೆ ಕುಕ್ಕುರುಗಾಲಲ್ಲಿ ಕೂತು ಕಟ್ಟೆಯ ಅಂಚಿನ ಮಣ್ಣನ್ನು ಚಮಚದಿಂದ ಕೆರೆಯತೊಡಗಿದಳು. ಮೊದಲ ಗುಂಡಿಯಲ್ಲಿ ಸಿಕ್ಕಿದ್ದು ಒಡೆದ ಬಾಟಲಿಯ ಚೂರು. ಎರಡನೆಯದರಲ್ಲಿ ಏನೂ ಸಿಗಲಿಲ್ಲ. ಮೇಡಂ ಗಡಿಯಾರ ನೋಡಿಕೊಂಡರು. ಪಂಜರದಕ್ಕನಿಗೆ ತನ್ನ ನೆನಪಿನ ಮೇಲೇ ಅನುಮಾನ ಹುಟ್ಟಿತು. "ಸ್ವಲ್ಪ ಎಡಕ್ಕೆ, ಪೈಪಿನ ಪಕ್ಕ," ಎಂದಳು. ಮೂರನೆಯ ಗುಂಡಿಯಲ್ಲಿ, ಗೇಣು ಆಳದಲ್ಲಿ, ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕಂಡಿತು.

ಒಳಗೆ ಕಡ್ಡಿಗಿಂತ ತೆಳ್ಳಗಿನ ಮೂಳೆಗಳು ಕಂದಾಗಿ ಒಂದರ ಮೇಲೊಂದು ಬಿದ್ದಿದ್ದವು. ಮೇಡಂ ಅವನ್ನು ಒಳಗೆ ಒಯ್ದು, ಅವರೆಕಾಳಿಗಿಂತ ತುಸು ದೊಡ್ಡದಾದ ತಲೆಬುರುಡೆಯನ್ನು ಭೂತಗನ್ನಡಿಯ ಕೆಳಗಿಟ್ಟರು. ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು. ಆಮೇಲೆ ಬದುಕಿರುವ ಹದಿನೇಳನ್ನು ತರಿಸಿ ಬಾಯಿ ಬಿಡಿಸಿ ನೋಡಿದರು. ಹಲ್ಲು ಸೂಜಿಯ ಹಾಗಿದ್ದವು. ಬೆರಳು ಕಚ್ಚಿಸಿಕೊಂಡೇ ಅದನ್ನು ಚೀಲಕ್ಕೆ ಹಾಕಿದರು.

"ಇದು ಮುದುಕ," ಎಂದರು ಬುರುಡೆಯ ಕಡೆ ಕೈಮಾಡಿ. "ಇದಲ್ಲ. ನಾನು ರಿಜಿಸ್ಟರ್ ನೋಡಿದೆ. ಪ್ರಾಣಿಯ ಬಾಯಿ ನೋಡ್ಲಿಲ್ಲ. ಎರಡು ನಿಮಿಷದ ಕೆಲಸ." ಅವರು ಅದನ್ನು ಪಂಜರದಕ್ಕನಿಗೆ ಹೇಳಿದರೋ ಕನ್ನಡಕಕ್ಕೆ ಹೇಳಿದರೋ ತಿಳಿಯಲಿಲ್ಲ. ಅವತ್ತೇ ಸಮ್ಮೇಳನದವರಿಗೆ, ನಾವು ಈ ವರ್ಷ ಭಾಷಣ ಮಾಡುವುದಿಲ್ಲ ಎಂದು ಪತ್ರ ಬರೆದರು.

ಮುಂದಿನದೆಲ್ಲ ಕಚೇರಿಯ ರೀತಿಯಲ್ಲಿ ನಡೆಯಿತು. ಡೈರೆಕ್ಟರು ಕರೆಸಿ ಹೇಳಿಕೆ ಬರೆಸಿಕೊಂಡರು. ಪಂಜರದಕ್ಕ ಎರಡು ಪುಟ ಬರೆದು ಸಹಿ ಹಾಕಿದಳು. ಬಾವಲಿ ಕೋಣೆಯ ಬೀಗದ ಕೈ ವಾಪಸು ಕೊಟ್ಟಳು. ಕೆಲಸದಿಂದ ತೆಗೆಯಬೇಕು ಎಂದವರಿದ್ದರು. ಮೇಡಂ ಬೇಡ ಎಂದರಂತೆ. ತಾನಾಗಿ ಬಂದು ಹೇಳಿದವಳನ್ನು ತೆಗೆದರೆ ಇನ್ನು ಮುಂದೆ ಈ ಕಟ್ಟಡದಲ್ಲಿ ಯಾರೂ ಯಾವ ತಪ್ಪನ್ನೂ ಹೇಳುವುದಿಲ್ಲ ಎಂದು ವಾದಿಸಿದರಂತೆ. ಕಡೆಗೆ ಎಚ್ಚರಿಕೆಯ ಪತ್ರ ಕೊಟ್ಟು, ಹಕ್ಕಿ ಕೋಣೆಗೆ ಮಾತ್ರ ಸೀಮಿತ ಮಾಡಿದರು. ಬಾವಲಿಗಳಿಗೆ ಹೊಸದಾಗಿ ಚರ್ಮದಡಿ ಸೇರಿಸುವ ಅಕ್ಕಿಕಾಳಿನಂಥ ಚಿಪ್ ಬಂತು. ಇಬ್ಬರು ನಿಂತು ನೋಡಿ ಇಬ್ಬರೂ ಸಹಿ ಮಾಡಬೇಕು ಎಂಬ ನಿಯಮವೂ ಬಂತು.

ಮೂರು ವಾರ ಮೇಡಂ ಮತ್ತು ಕನ್ನಡಕ ಉಳಿದ ಮೂವತ್ತೊಂದು ಬಾವಲಿಗಳನ್ನೂ ಹಲ್ಲು, ಗಂಟು, ರೆಕ್ಕೆಯ ಗಾಯದ ಕಲೆ ಎಂದು ಹಳೆಯ ಕಾರ್ಡುಗಳಿಗೆ ಹೋಲಿಸಿ ನೋಡಿದರು. ಎದುರಿನ ಬಾಗಿಲು ತೆರೆದು ಮುಚ್ಚುವುದನ್ನು ಪಂಜರದಕ್ಕ ಹಕ್ಕಿ ಕೋಣೆಯ ಗಾಜಿನಿಂದ ನೋಡುತ್ತಿದ್ದಳು. ಎಲ್ಲವೂ ಸರಿಯಾಗಿತ್ತು ಎಂದು ಅವಳಿಗೆ ಬಂದು ಹೇಳಿದವರು ಮೇಡಂ. ಬಾಗಿಲಲ್ಲೇ ನಿಂತು, "ನೀವು ಹೇಳಿದ್ದು ನಿಜ. ಇನ್ನೊಂದೂ ಇಲ್ಲ," ಎಂದಷ್ಟೇ ಹೇಳಿ ಹೋದರು. ಅವಳು ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಕನ್ನಡಕ ಮಾತ್ರ ಹಕ್ಕಿ ಕೋಣೆಗೆ ಬಂದರೂ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕರೆಯುವವರಿದ್ದ ಆ ಸಂಸ್ಥೆಯವರು ಬೇರೆ ಯಾರನ್ನೋ ತೆಗೆದುಕೊಂಡಿದ್ದರು. ಪಂಜರದಕ್ಕ ತಾನಾಗಿ ಮಾತಿಗೆಳೆಯಲು ಹೋಗಲಿಲ್ಲ. ಡಬ್ಬಿಗೆ ಒಬ್ಬಳ ಊಟವನ್ನೇ ಹಾಕಿಕೊಂಡು ಬರುವುದನ್ನು ರೂಢಿ ಮಾಡಿಕೊಂಡಳು. ಇಡೀ ದಿನ ಹಕ್ಕಿಗಳ ಜೊತೆಗೇ ಇರುವುದರಿಂದ ಮೊದಲು ಕಾಣದ್ದು ಕಾಣತೊಡಗಿತು. ಗಂಡು ಮರಿಗಳು ಅಪ್ಪನ ಹಾಡನ್ನು ಮೊದಮೊದಲು ತೊದಲುತ್ತವೆ, ದಿನಾ ತಿದ್ದಿಕೊಳ್ಳುತ್ತವೆ, ಮೂರು ತಿಂಗಳಿಗೆ ಒಂದು ಸ್ವರವೂ ತಪ್ಪದ ಹಾಗೆ ಒಪ್ಪಿಸುತ್ತವೆ. ಆರು ವರ್ಷದ ಒಂದು ಹೆಣ್ಣು ಹಕ್ಕಿಗೆ ಕಣ್ಣು ಮಂಜಾಗಿ ಕಾಳಿನ ಬಟ್ಟಲು ಸಿಗುತ್ತಿರಲಿಲ್ಲ. ಬಟ್ಟಲನ್ನು ದಿನಾ ಒಂದೇ ಮೂಲೆಯಲ್ಲಿಟ್ಟರೆ ಅದಕ್ಕೆ ಸಾಕಾಗುತ್ತಿತ್ತು. ಅದು ಮಳೆಗಾಲದ ಕೊನೆಗೆ ಸತ್ತಾಗ, ಸತ್ತ ಹೊತ್ತು, ತೂಕ, ಕಾಲುಂಗುರದ ಬಣ್ಣ ಎಲ್ಲ ಬರೆದು ತಾನೇ ಮೇಡಂ ಮೇಜಿಗೆ ತಲುಪಿಸಿದಳು.

ಒಂದು ವರ್ಷ ಸಮೀಪಿಸುತ್ತಿದ್ದಾಗ ಒಂದು ಬೆಳಗ್ಗೆ ಕನ್ನಡಕ ಕಾಗದದ ಕಟ್ಟು ಹಿಡಿದು ಬಂದು ಕಾಳಿನ ಡ್ರಮ್ಮಿನ ಪಕ್ಕ ನಿಂತಳು.

"ಶುಕ್ರವಾರ ನನ್ನ ಪಿಎಚ್‌ಡಿ ಪರೀಕ್ಷೆ," ಎಂದಳು. "ಒಂದ್ಸಲ ಹೇಳಿ ನೋಡ್ಬೇಕು. ಬೇರೆಯವರ ಮುಂದೆ ಹೇಳಿದ್ರೆ ತಲೆ ಆಡಿಸ್ತಾರೆ ಅಷ್ಟೇ."

"ನನಗೇನು ಅರ್ಥ ಆಗುತ್ತೆ?"

"ಈ ಪ್ರಾಣಿಗಳ ವಿಷಯ ನಿಮಗಿಂತ ಜಾಸ್ತಿ ಯಾರಿಗೆ ಗೊತ್ತು? ತಪ್ಪಿದ್ರೆ ಹೇಳಿ."

ಪಂಜರದಕ್ಕ ಕೈ ಒರೆಸಿಕೊಂಡು ಮಣೆಯ ಮೇಲೆ ಕೂತಳು. ಹುಡುಗಿ ಹಕ್ಕಿಗಳ ಗದ್ದಲಕ್ಕಿಂತ ದನಿ ಎತ್ತರಿಸಿ ಹೇಳತೊಡಗಿದಳು. ಒಂದೇ ತೂಕದ ಎರಡು ಪ್ರಾಣಿ. ಎರಡೂ ಹಾರುವಾಗ ಹೃದಯ ಒಂದೇ ಸಮನೆ ಬಡಿಯುತ್ತದೆ. ಆದರೆ ಚಳಿಯಲ್ಲಿ ಮಲಗಿದಾಗ ಬಾವಲಿ ದೀಪದ ಹಾಗೆ ತನ್ನನ್ನು ತಾನು ಆರಿಸಿಕೊಳ್ಳುತ್ತದೆ, ಫಿಂಚ್ ಆರಿಸಿಕೊಳ್ಳುವುದಿಲ್ಲ. ಫಿಂಚಿನ ಚರ್ಮ ನಾಲ್ಕು ಪಾಲು ಹಳೆಯದಾಗುವಷ್ಟರಲ್ಲಿ ಬಾವಲಿಯದು ಒಂದು ಪಾಲು ಹಳೆಯದಾಗುತ್ತದೆ. ವಯಸ್ಸು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ನಲ್ಲಿಯ ಹತ್ತಿರ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದ್ದರ ಲೆಕ್ಕವೂ ಅದೇ ಗೆರೆಯ ಮೇಲೆ ಬಂದು ಕೂತಿದೆ.

"ಇದು ಮೊದಲಿನಷ್ಟು ದೊಡ್ಡ ಸುದ್ದಿ ಅಲ್ಲ," ಎಂದಳು ನಡುವೆ ನಿಲ್ಲಿಸಿ.

"ನಿಜ ತಾನೆ?"

"ನಿಜ."

"ಒಂದು ತಪ್ಪಿದೆ," ಎಂದಳು ಪಂಜರದಕ್ಕ. "ಚಳಿಗೆ ಮಾತ್ರ ಆರಿಸ್ಕೊಳ್ಳುತ್ತೆ ಅಂದೆಯಲ್ಲ, ಹಾಗಲ್ಲ. ಹುಳ ಕಮ್ಮಿ ಬಿದ್ದ ದಿನ ಬೇಸಿಗೇಲೂ ತಣ್ಣಗಾಗಿ ಮಲಗ್ತವೆ. ರಿಜಿಸ್ಟರಲ್ಲಿ ಬರೆದಿದೀನಿ ನೋಡು."

ಕನ್ನಡಕ ಅದನ್ನು ಅಂಚಿನಲ್ಲಿ ಗುರುತು ಮಾಡಿಕೊಂಡಳು. ಮುಂದಿನ ಹಾಳೆ ತಿರುವಿ, ಸ್ವಲ್ಪ ತಡೆದು, ತಲೆಯೆತ್ತದೆ ಓದಿದಳು: "ಒಂದು ಪ್ರಾಣಿಯನ್ನು ಲೆಕ್ಕದಿಂದ ಕೈಬಿಡಲಾಗಿದೆ. ಕಾರಣ, ಅದರ ಗುರುತಿನ ಬಳೆ ಬದಲಾಗಿತ್ತು."

"ಬದಲಾಗಿತ್ತು ಅಂದ್ರೆ ತಾನೇ ಬದಲಾದ ಹಾಗಿದೆ," ಎಂದಳು ಪಂಜರದಕ್ಕ. "ಬದಲಾಯಿಸಲಾಗಿತ್ತು ಅಂತ ಬರಿ."

"ಆಗ ಯಾರು ಅಂತ ಕೇಳ್ತಾರೆ ಅಕ್ಕ."

"ಕೇಳಿದ್ರೆ ಹೇಳು. ಬೇಕಾದ್ರೆ ನನ್ನನ್ನೇ ಕರೆಸು, ಹೊರಗೆ ಕೂತಿರ್ತೀನಿ."

ಹುಡುಗಿ ಪೆನ್ಸಿಲಿನಿಂದ ಆ ಪದ ಹೊಡೆದು ಮೇಲೆ ಇನ್ನೊಂದು ಬರೆದಳು. ಆಮೇಲೆ ಕನ್ನಡಕ ಮೇಲೆ ಸರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲ ಹಾಳೆಯಿಂದ ಮತ್ತೆ ಶುರುಮಾಡಿದಳು.